ಹೋಗಿ ಬರ್ತೀನಿ ಅಂದದ್ದಕ್ಕೆ

ಮನೆಯಿಂದ,
ತಾರೀಕು ಹದಿನಾಲ್ಕು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮೊಂಡಿಗೆ,

ಹೇಗಿದ್ದೀಯ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯೋ, ನಿಂತಲ್ಲೇ ಬಿಸ್ಕತ್ತು ಮುಕ್ಕಿ ಡ್ಯೂಟಿಗೆ ಓಡುತ್ತಿದ್ದೀಯೋ? ಕಾಲಿನ ಊತ ಇಳಿಯಿತೇ? ಮಲಗುವಾಗ ದಿಂಬಿನ ಮೇಲೆ ಕಾಲಿಡು ಎಂದರೆ ಕೇಳುವವಳಲ್ಲ ನೀನು. ನನ್ನ ಮಂಡಿ ಹಾಗೇ ಇದೆ, ಅದರ ಸುದ್ದಿ ಬಿಡು. ನಿನ್ನ ಫೋನು ಬಂದ ದಿನದಿಂದ ನಿನ್ನಮ್ಮ ಮೂಲೆ ಹಿಡಿದು ಅಳುತ್ತಿದ್ದಾಳೆ, ಬೈದರೆ ಇನ್ನೂ ಜಾಸ್ತಿ. ಅದಕ್ಕೇ ಫೋನು ಬೇಡವೆಂದು ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನೀನೂ ನಡುವೆ ಬಾಯಿ ಹಾಕುವುದಿಲ್ಲ.

ನೀನು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಡ್ಯೂಟಿ ಮುಗಿಸಿ ಹೊರಡುವಾಗ ಏಳನೇ ಹಾಸಿಗೆಯ ಮುದುಕಿಗೆ "ಹೋಗಿ ಬರ್ತೀನಿ" ಅಂದೆ, ಅದೂ ಆ ದೇಶದವರ ಭಾಷೆಗೆ ತಿರುಗಿಸಿ. ನಮ್ಮ ಬಾಯಲ್ಲಿ ಬರೀ "ಹೋಗ್ತೀನಿ" ಬರುವುದೇ ಇಲ್ಲವಲ್ಲ. ಹಾಲಿನವನೂ ಹೋಗಿ ಬರ್ತೀನಿ ಅನ್ನುತ್ತಾನೆ, ಬರದಿದ್ದರೆ ಯಾರೂ ಕಾದು ಕೂರುವುದಿಲ್ಲ. ಆ ಮುದುಕಿ ಕಾದಳು. ಮಾತ್ರೆ ತಂದ ಇನ್ನೊಬ್ಬ ನರ್ಸಿನ ಕೈ ತಳ್ಳಿ, "ಆ ಹುಡುಗಿ ಬರ್ತೀನಿ ಅಂದಿದ್ದಾಳೆ, ಬರಲಿ" ಅಂದಳು. ಬೆಲ್ಲು ಒತ್ತಿ ಒತ್ತಿ ಸಾಕಾಗಿ, ತಾನೇ ಇಳಿದು ಬಾಗಿಲ ತನಕ ನೋಡಲು ಹೋಗಿ ಬಿದ್ದಳು. ಮೂರನೇ ದಿನ ತೀರಿಕೊಂಡಳು. ನಿನಗೆ ಆ ಮೂರು ದಿನ ರಜೆ, ರೂಮಿನಲ್ಲಿ ಬಟ್ಟೆ ಒಗೆದುಕೊಂಡು ಇದ್ದೆ.

ಈಗ ಅವಳ ಮಗ, ನರ್ಸು ಮಾತು ಕೊಟ್ಟು ಬರಲಿಲ್ಲ ಎಂದು ದೂರು ಕೊಟ್ಟಿದ್ದಾನೆ. ನಾನು ಹಾಗೆ ಹೇಳೇ ಇಲ್ಲ, ರೋಗಿಗೆ ಅರಳುಮರಳು ಎಂದು ನಿಮ್ಮ ವಾರ್ಡಿನ ಇನ್‌ಚಾರ್ಜಮ್ಮ ನಿನ್ನ ಹೆಸರಿನಲ್ಲಿ ಕಾಗದ ಟೈಪು ಮಾಡಿಟ್ಟಿದ್ದಾಳೆ. ಶುಕ್ರವಾರದೊಳಗೆ ಸಹಿ ಹಾಕದಿದ್ದರೆ ಕೆಲಸವೂ ಇಲ್ಲ, ವೀಸಾವೂ ಇಲ್ಲ. ಹಾಕಿಬಿಡಲಿ ಅನ್ನುತ್ತಾಳೆ ನಿನ್ನಮ್ಮ. ಮುದುಕಿ ತೀರಿಕೊಂಡ ಮೇಲೆ ಆ ಖಾಲಿ ಹಾಸಿಗೆಯ ಬೆಲ್ಲು ಹಾಡುಹಗಲೇ ಹೊಡೆಯುತ್ತದೆ, ವೈರು ಬದಲಾಯಿಸಿದರೂ ಹೊಡೆಯುತ್ತದೆ, ಉಳಿದವರು ಕೇಳದ ಹಾಗೆ ಓಡಾಡುತ್ತಾರೆ, ನೀನೊಬ್ಬಳು ಎದ್ದು ಹೋಗಿ "ಬಂದೆ" ಅನ್ನುತ್ತೀಯ. ನಿನಗೆ ತಲೆ ಕೆಟ್ಟಿತು ಎಂದು ನಿನ್ನಮ್ಮನಿಗೆ ಭಯ. ಅವಳಿಗೇನು ಗೊತ್ತು. ಬೆಲ್ಲು ಹೊಡೆದರೆ ಹೋಗು. ದುಪ್ಪಟಿ ಸರಿ ಮಾಡು, ಸ್ವಲ್ಪ ಹೊತ್ತು ನಿಲ್ಲು. ಹೊರಡುವಾಗ ಮಾತ್ರ ಬಾಯಿ ಮುಚ್ಚಿಕೊಂಡು ಹೊರಡು.

ನಿನಗೆ ಒಳ್ಳೆಯದಾಗಲಿ, ಕಣ್ತುಂಬ ನಿದ್ದೆ ಬರಲಿ. ರೂಮಿನ ಜೊತೆಗಾತಿಗೆ ನಾನು ಕೇಳಿದೆ ಅನ್ನು. ನೀನು ಊಟ ಬಿಟ್ಟರೆ ನನ್ನ ಪರವಾಗಿ ನಾಲ್ಕು ಬೈಯಲು ಹೇಳು.

ಬೈದರೂ ನಿನ್ನವಳೇ ಆದ
ಅಜ್ಜಿ

ಇನ್ನೊಂದು ಮಾತು. ಪಕ್ಕದ ಮನೆ ಮೇಷ್ಟ್ರು ಇದರ ಫೋಟೋ ತೆಗೆದು ನಿನಗೆ ಕಳಿಸಲು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ನಾನು ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಗ ಒಬ್ಬ ಬಾಣಂತಿ ನೀರು ಬೇಕೆಂದು ಮೂರು ಸಲ ಕರೆದಳು. ನೆಲ ಒರೆಸುತ್ತಿದ್ದೆ. "ತಡಿಯಮ್ಮ, ನಿನ್ನೊಬ್ಬಳಿಗೇ ಹುಟ್ಟಿದ್ದೀನಾ" ಅಂದೆ. ಬಕೆಟ್ಟು ಚೆಲ್ಲಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ರೋಗಿ ಯಾರನ್ನೂ ಕರೆಯಲಿಲ್ಲ ಎಂದು ದೊಡ್ಡ ನರ್ಸು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆ. ಸಹಿ ಮಾಡಲು ಬರುತ್ತಿತ್ತು, ಹೆಸರು ಬರೆಯಲು ಕೈ ಬರಲಿಲ್ಲ. ಮೂವತ್ತೊಂದು ವರ್ಷವಾಯಿತು. ಪಾತ್ರೆ ತೊಳೆಯುವಾಗ ಈಗಲೂ ಹಿಂದಿನಿಂದ "ಆಯಾ" ಅನ್ನುತ್ತಾಳೆ. ನೀರು ಹಿಡಿದು ತಿರುಗಿದರೆ ಯಾರೂ ಇರುವುದಿಲ್ಲ. ಇದು ನಿನ್ನಮ್ಮನಿಗೂ ಗೊತ್ತಿಲ್ಲ. ನೀನು ಸಹಿ ಹಾಕಬೇಡ. ಹೇಳಿದ್ದು ಹೌದು ಎಂದು ನಿನ್ನ ಕೈಯಲ್ಲೇ ಬರೆದುಕೊಡು. ವಾಪಸ್ಸು ಕಳಿಸಿದರೆ ಬಂದುಬಿಡು, ನನಗೆ ಒಬ್ಬಳೇ ಪಾತ್ರೆ ತೊಳೆಯಲು ಭಯ.