ಒದ್ದೆ ರಟ್ಟಿನ ವಾಸನೆ

ಶನಿವಾರ, ಮಾರ್ಚ್ ೧೪

ಇದನ್ನು ಬರೆಯುತ್ತಿರುವುದು ಅದೇ ಬಲಗೈ. ಭಾವನ ತಲೆಗೆ ಬಾಟಲಿಯಿಂದ ಹೊಡೆದ ಕೈ.

ಸಂಜೆ ಅಕ್ಕ, ಭಾವ ಬಂದಿದ್ದರು. ಮೂರು ಬಗೆಯ ಬಿಳಿ ವೈನ್ ತಣ್ಣಗೆ ಮಾಡಿಟ್ಟಿದ್ದೆ. ಒಂದೊಂದನ್ನೇ ಕುಡಿದು ಅಭಿಪ್ರಾಯ ಹೇಳಬೇಕು, ಅದೇ ಆಟ. ಎರಡನೆಯದನ್ನು ಭಾವ ಬಾಯ್ತುಂಬ ಹೊಗಳಿದ. ಅದು ಅವನೇ ಮೊನ್ನೆ ತಂದುಕೊಟ್ಟದ್ದು. ಅಕ್ಕ ಮೂಸಿ ನೋಡಿ ಗ್ಲಾಸು ಕೆಳಗಿಟ್ಟಳು.

"ಇದು ಕೆಟ್ಟಿದೆ ಕಣೇ. ಒದ್ದೆ ರಟ್ಟಿನ ವಾಸನೆ ಬರ್ತಿದೆ."

"ನಿಂಗೇನೇ ಗೊತ್ತು? ಬಾಯ್ಮುಚ್ಚು," ಎಂದ ಭಾವ.

"ಕೆಟ್ಟಿದೆ ಅಂದ್ರೆ ಕೆಟ್ಟಿದೆ ರೀ."

ಅವನು ಅವಳ ಜಡೆ ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದ. ಗ್ಲಾಸು ಒಡೆದು ತುಟಿ ಸೀಳಿತು. ಅವನು ಮತ್ತೆ ಕೈಯೆತ್ತಿದಾಗ ನನ್ನ ಪಿತ್ತ ನೆತ್ತಿಗೇರಿತು. ತುಂಬಿದ ಬಾಟಲಿಯಿಂದ ಬಾರಿಸಿದೆ. ಅವನು ಕುಸಿದ, ಕಿವಿಯ ಹಿಂದಿನಿಂದ ರಕ್ತ ಸುರಿಯಿತು. ಇನ್ನೊಂದು ಏಟಿಗೆ ಎತ್ತಿದ್ದ ನನ್ನ ಕೈಯನ್ನು ಅಕ್ಕ ಹಿಡಿದುಕೊಂಡಳು.

"ಸಾಕು. ಸತ್ತುಹೋಗ್ತಾನೆ."

ಸತ್ತಿಲ್ಲ. ಆಸ್ಪತ್ರೆಯಲ್ಲಿ ಒಂಬತ್ತು ಹೊಲಿಗೆ ಹಾಕಿದ್ದಾರೆ. ಪೊಲೀಸರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ನಾಳೆ ಠಾಣೆಗೆ ಹೋಗಬೇಕು.

ಹೊಡೆದದ್ದಕ್ಕೆ ಬೇಸರವಿಲ್ಲ. ಎರಡನೆಯ ಸಲ ಕೈಯೆತ್ತಿದಾಗ ಸುಖವಾಯಿತಲ್ಲ, ಅದಕ್ಕೆ ಹೆದರಿಕೆ.

ಒಳಗೆ ಅಕ್ಕ ಗೊರಕೆ ಹೊಡೆಯುತ್ತಿದ್ದಾಳೆ. ಮದುವೆಯಾದ ಮೇಲೆ ಅವಳು ಹೀಗೆ ಮೈಮರೆತು ಮಲಗಿದ್ದನ್ನು ನಾನು ನೋಡಿದ್ದೇ ಇಲ್ಲ.