ಕಂಬದ ಮೇಲಿನ ಕೆಂಪು ಗೆರೆ

ಜುಲೈ ೯, ಬುಧವಾರ

ಆ ಬಣ್ಣ ಹೊಸದು. ಸುಮ್ಮನಿರೋಣವೆಂದರೂ ಮನಸ್ಸು ಬಿಡುತ್ತಿಲ್ಲ.

ಹಳೆಯ ಸೇತುವೆಯ ಕಂಬದಲ್ಲಿ ನೆರೆ ಏರಿದ ಮಟ್ಟಕ್ಕೆ ಗೆರೆ ಬಳಿದಿರುತ್ತಾರೆ. ಹೊಸ ಸೇತುವೆಯ ಎತ್ತರ ನಿರ್ಧಾರವಾಗುವುದು ಅದರಿಂದಲೇ. ಗೆರೆ ಇಳಿದರೆ ಸೇತುವೆಯೂ ಇಳಿಯುತ್ತದೆ, ಖರ್ಚೂ ಇಳಿಯುತ್ತದೆ. ಕಚೇರಿಯಲ್ಲಿ ಈ ಸೇತುವೆಯ ವರದಿಯ ಭಾಷೆ ತಿದ್ದುವ ನನ್ನನ್ನೂ ಇಂಜಿನಿಯರ್ ಇಂದು ಅಲ್ಲಿಗೆ ಕರೆದೊಯ್ದಿದ್ದರು. ಗೆರೆಗಿಂತ ಒಂದಾಳೆತ್ತರ ಮೇಲೆ, ಕಲ್ಲಿನ ಬಿರುಕಿನಲ್ಲಿ ಒಣಹುಲ್ಲು ಸಿಕ್ಕಿಕೊಂಡಿತ್ತು.

“ಸರ್, ನೀರು ಅಲ್ಲೀವರೆಗೂ ಬಂದಿತ್ತಾ?” ನನ್ನ ಧ್ವನಿ ನನಗೇ ಕೇಳಿಸಲಿಲ್ಲ, ಅವರಿಗೆ ಕೇಳಿಸಿತು.

“ಹಕ್ಕಿ ಗೂಡಮ್ಮ ಅದು! ಸಾಹಿತ್ಯ ಓದಿದೋರಿಗೆ ಹುಲ್ಲುಕಡ್ಡೀಲೂ ಕಥೆ ಕಾಣುತ್ತೆ.”

ನಕ್ಕೆ. ಆದರೆ ಗೂಡಿನ ಹುಲ್ಲು ಬಾಚಿದ ಕೂದಲಿನಂತೆ ಹೊಳೆ ಹರಿಯುವ ದಿಕ್ಕಿಗೇ ಮಲಗಿರುತ್ತದೆಯೇ?

ಜೀಪಿನಲ್ಲಿ ಅವರೇ ಮೃದುವಾಗಿ ಹೇಳಿದರು, “ನಾಳೆಯಿಂದ ನೀನು ಬೇರೆ ವರದಿ ನೋಡಮ್ಮ, ಇದನ್ನ ನಾನೇ ನೋಡ್ಕೋತೀನಿ.”

ಮನೆಯಲ್ಲಿ ಹೇಳಿದರೆ ಅಕ್ಕ, “ನಿಂಗೆ ಹಾಲು ಕಂಡ್ರೂ ಸುಣ್ಣದ ನೀರು ಅನ್ನೋ ಅನುಮಾನ ಕಣೇ,” ಎಂದಳು. ಮುಂದೆ ಅವಳ ಮಗಳ ಶಾಲೆಯ ಬಸ್ಸು ದಾಟುವುದು ಆ ಹೊಸ ಸೇತುವೆಯನ್ನೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರಂತೆ. ನಾನು ಕಳ್ಳ ಎಂದೂ ಅಂದಿರಲಿಲ್ಲ.

ನಾಳೆ ಇಂಜಿನಿಯರ್‌ಗೂ ಮೇಲಿನ ದೊಡ್ಡ ಸಾಹೇಬರ ಕೋಣೆಗೆ ಹೋಗಬೇಕು. ಬಾಯಿ ಕಟ್ಟಿದರೆ? ಹೇಳಬೇಕಾದ ಮೊದಲ ಮಾತನ್ನಾದರೂ ಈಗಲೇ ಗಟ್ಟಿಮಾಡಿಕೊಳ್ಳುತ್ತೇನೆ: “ಸರ್, ಆ ಗೆರೆಯನ್ನು ಯಾರೋ ಕೆಳಗಿಳಿಸಿದ್ದಾರೆ.” ಆದರೆ ಇಳಿಸಲು ಹೇಳಿದವರು ಆ ದೊಡ್ಡ ಸಾಹೇಬರೇ ಆಗಿದ್ದರೆ?