ಟ್ರೈಫೀನಾ ಬಾಗಿಲು ತಟ್ಟಿದಳು

ಗಲ್ ಕೋವ್, ನ್ಯೂಫೌಂಡ್‌ಲ್ಯಾಂಡ್
ಅಕ್ಟೋಬರ್ 9

ನನ್ನ ಮುದ್ದು ಎಫಿ,

ಅಜ್ಜಿಯ ಮುತ್ತು. ಮೀನಿನ ಕಾರ್ಖಾನೆಯ ಮೇಸ್ತ್ರಿ ಎರಡು ದಿನದಿಂದ ನಿನ್ನ ಮುಖ ನೋಡುತ್ತಿಲ್ಲ, ಕೆಲಸ ಹೋಗುತ್ತದೇನೋ ಎಂದು ಬರೆದಿದ್ದೀಯ. ಅವನಿಗೆ ಹಲ್ಲುನೋವಿರಬಹುದು ಕಣೇ. ಸುಮ್ಮನೆ ಕೆಲಸ ಮಾಡು. ಇಲ್ಲಿಯ ಸಂಗತಿ ಹಾಗಲ್ಲ.

ಮಂಗಳವಾರ ಪಕ್ಕದ ಮನೆಯ ಟ್ರೈಫೀನಾ ನನ್ನ ಬಾಗಿಲು ತಟ್ಟಿದಳು. ತಟ್ಟಿದಳು! ನಮ್ಮೂರಲ್ಲಿ ಬಾಗಿಲು ತಟ್ಟುವವರು ಪೊಲೀಸರು, ಹೊಸ ಪಾದ್ರಿ, ಸಾವಿನ ಸುದ್ದಿ ತಂದವರು. ಉಳಿದವರು ನೂಕಿಕೊಂಡು ಬಂದು ಒಲೆಯ ಮೇಲಿನ ಕೆಟಲ್‌ನಿಂದ ತಾವೇ ಚಹಾ ಬಗ್ಗಿಸಿಕೊಳ್ಳುತ್ತಾರೆ. ಐವತ್ತೆರಡು ವರ್ಷ ಹಾಗೆ ಬಂದವಳಿಗೆ ನಾನು ಯಾವಾಗ ಪರಕೀಯಳಾದೆ?

ನನಗೆ ಆಗಲೇ ಹೊಳೆಯಿತು. ಊರು ಖಾಲಿ ಮಾಡಲು ಒಪ್ಪಿಗೆಯೇ ಎಂದು ಸರ್ಕಾರ ಮನೆಮನೆಗೆ ಗುಟ್ಟಿನ ಮತಚೀಟಿ ಕಳಿಸಿದೆಯಲ್ಲ. ಹತ್ತರಲ್ಲಿ ಒಂಬತ್ತು ಮನೆ ಹೂಂ ಎಂದರೆ ದೋಣಿಯೂ ನಿಂತಿತು, ಕರೆಂಟೂ ಹೋಯಿತು, ಬೇಡ ಎಂದವರೂ ಹೊರಡಲೇಬೇಕು. ಇವಳು ಹೂಂ ಎಂದಿದ್ದಾಳೆ, ಅದಕ್ಕೇ ಒಳಗೆ ಬರಲು ನಾಚಿಕೆ. ನೀನೇ ನೋಡು: ಈ ವರ್ಷ ಸೌದೆ ಅರ್ಧವೇ ಒಟ್ಟಿದ್ದಾಳೆ. ಬೇಲಿಗೆ ಬಣ್ಣ ಬಳಿದಿಲ್ಲ. ಭಾನುವಾರ ಗಂಡನ ಗೋರಿಯ ಮುಂದೆ ಅರ್ಧ ಗಂಟೆ ನಿಂತಿದ್ದಳು, ಅಪ್ಪಣೆ ಕೇಳುವವಳಂತೆ.

ನಿನ್ನೆ ಅಂಗಡಿಯಲ್ಲಿ ಎಲ್ಲರೆದುರೇ ಕೇಳಿಬಿಟ್ಟೆ.

"ಏನ್ ಟ್ರೈಫೀನಾ, ಗಂಟುಮೂಟೆ ಕಟ್ಟಿದ್ದಾಯ್ತಾ?"

"ತಲೆ ಕೆಟ್ಟಿದ್ಯೇನೇ ಡ್ರುಸಿಲ್ಲಾ? ಯಾವ ಗಂಟು?"

"ಮತ್ತೆ ಬಾಗ್ಲು ಯಾಕ್ ತಟ್ದೆ? ನಾನೇನು ಹೊರಗಿನವಳಾ?"

"ಒಳಗಿಂದ ಚಿಲಕ ಹಾಕಿತ್ತು ಕಣೇ ಮುದುಕಿ! ಕಿಟಕೀಲಿ ನುಗ್ಗಲಾ, ಈ ಸೊಂಟ ಇಟ್ಕೊಂಡು? ನಾನು ಬೇಡ ಅಂತ್ಲೇ ಗುರುತು ಹಾಕಿದ್ದು. ನನ್ನನ್ನ ಇಲ್ಲಿಂದ ಕದಲಿಸ್ಬೇಕಾದ್ರೆ ನಾಲ್ಕು ಜನ ಹೊರಬೇಕು, ಅಷ್ಟೇ."

ಅಂಗಡಿ ತುಂಬ ನಗು. ಸೌದೆ ಕಡಿಮೆಯಾದದ್ದೂ ಆ ಸೊಂಟನೋವಿನಿಂದಲೇ ಅಂತೆ. ಹೊರಡುವಾಗ ನನ್ನ ತೋಳು ಹಿಡಿದು, "ಅಲ್ವೇ, ಹಗಲೊತ್ತು ನೀನ್ಯಾಕೆ ಚಿಲಕ ಹಾಕ್ಕೊಂಡಿದ್ದೆ?" ಎಂದಳು. ಹಳೆಯ ಚಿಲಕ, ತಾನೇ ಬಿದ್ದಿರಬೇಕು ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮೊದಲಿನಿಂದಲೂ ಅನುಮಾನದ ಪ್ರಾಣಿ ಅದು.

ಇನ್ನೇನಿಲ್ಲ. ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು.

ನಿನ್ನ ಅಜ್ಜಿ,
ಡ್ರುಸಿಲ್ಲಾ

ಮರೆತಿದ್ದೆ: ನಿಮ್ಮ ಮನೆಯ ಹಿಂಬದಿಯ ಕೋಣೆ ಖಾಲಿ ಇದೆ ಎಂದಿದ್ದಳು ನಿನ್ನಮ್ಮ. ಅಲ್ಲಿಂದ ಕಡಲು ಕಾಣುತ್ತದೆಯೇ, ನೋಡಿ ಬರೆ. ಕಾಣದಿದ್ದರೂ ಸರಿ, ಇನ್ನೊಂದು ಚಳಿಗಾಲ ಒಬ್ಬಳೇ ಹಿಮ ಗೋರಲು ನನ್ನಿಂದಾಗದು. ಮಂಗಳವಾರ ಹೂಂ ಎಂದು ಗುರುತು ಹಾಕಿ ಲಕೋಟೆ ಅಂಟಿಸಿದೆ. ಶುಕ್ರವಾರ ಎಣಿಕೆ. ಟ್ರೈಫೀನಾಳಿಗೆ ಹೋಗಲು ಯಾರ ಮನೆಯೂ ಇಲ್ಲ.